ರಾಜನ ತಲೆ ಯಾಕೆ ಹೊಡೆದರು

ಪುಣೆ
ತಾ. ೮ ಜುಲೈ ೧೯೩೪

ಚಿ. ಸೌ. ಭಾಮಾಗೆ,

ಅಪ್ಪ-ಅವ್ವನಿಗೆ ಓದಿ ಹೇಳಬೇಕಾದ್ದನ್ನು ಮೊದಲು ಬರೆದುಬಿಡುತ್ತೇನೆ. ಗಾಡಿ ತಪ್ಪಲಿಲ್ಲ, ಟ್ರಂಕು ಕಳೆಯಲಿಲ್ಲ, ಅವ್ವ ಕಟ್ಟಿಕೊಟ್ಟ ರೊಟ್ಟಿ ಮಿರಜಿನಲ್ಲೇ ಮುಗಿದವು. ಕಾಲೇಜಿನ ವಸತಿಗೃಹದಲ್ಲಿ ನನಗೆ ಗಾಳಿ ಬೆಳಕಿನ ಒಳ್ಳೆ ಕೋಣೆ ಸಿಕ್ಕಿದೆ. ಬೆಳಿಗ್ಗೆ ಕುಸ್ತಿಯ ಸಾಮು ಮುಗಿಸಿ ಬಂದರೆ ಬಾದಾಮಿ ಹಾಲು, ಊಟಕ್ಕೆ ಕೈಬಿಟ್ಟು ತುಪ್ಪ. ಕಣದ ಮಣ್ಣಿಗೆ ಅಪ್ಪನ ಗರಡಿಯಂತೆಯೇ ಅರಿಷಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ್ದಾರೆ. ಅಪ್ಪ ಬಂದು ನೋಡಿದರೆ ತಪ್ಪು ಹುಡುಕಲು ಸ್ವಲ್ಪ ಹೊತ್ತು ಬೇಕಾದೀತು.

ಇನ್ನು ಮುಂದಿನದು ನಿನಗೆ. ನಮ್ಮ ಮದುವೆಗಾಗಿ ನಿನ್ನನ್ನು ಐದನೆಯ ಇಯತ್ತೆಗೇ ಶಾಲೆ ಬಿಡಿಸಿದಾಗ ನೀನು ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ನಾನು ಕಲಿತದ್ದನ್ನೆಲ್ಲ ನಿನಗೆ ಬರೆದು ಕಳಿಸುತ್ತೇನೆ ಎಂದು ಆಗ ಮಾತು ಕೊಟ್ಟಿದ್ದೆ. ಮರೆತಿಲ್ಲ. ಮ್ಯಾಟ್ರಿಕ್ಕಿಗೆ ಮೂರು ಸಲ ಕೂತವನನ್ನು ಕಾಲೇಜಿನವರು ತಾವಾಗಿ ಕಾಗದ ಬರೆದು ಕರೆಸಿಕೊಂಡರೆಂದರೆ ಅದು ಬೆಳಗಾವಿಯ ಕುಸ್ತಿಯಲ್ಲಿ ನನ್ನನ್ನು ನೋಡಿದ್ದಕ್ಕೆ. ಅಷ್ಟು ನನಗೂ ತಿಳಿಯುತ್ತದೆ. ಆದರೂ ಬಿ.ಎ. ಮಾಡಿ ಬೈಲಹೊಂಗಲದಲ್ಲಿ ಮಾಸ್ತರನಾಗಬೇಕೆಂಬ ಆಸೆ ನನ್ನದೇ, ಯಾರೂ ತುಂಬಿದ್ದಲ್ಲ.

ಮೊದಲ ಪಾಠ ಇಂಗ್ಲಂಡದ ಇತಿಹಾಸ. ಕಲಿಸುವವರು ಪ್ರೊಫೆಸರ್ ಅವಧೂತರಾವ್. ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ, ಸಿಟ್ಟು ಬಂದರೆ ಮರಾಠಿಗೆ ಇಳಿಯುತ್ತಾರೆ. ನನಗೆ ಎರಡೂ ಅರ್ಧರ್ಧ ತಿಳಿದವು. ಹಿಂದೆ ಒಮ್ಮೆ ಇಂಗ್ಲಂಡದ ಜನ ತಮ್ಮ ರಾಜನನ್ನೇ ಹಿಡಿದು, ವಿಚಾರಣೆ ಮಾಡಿ, ಹಾಡಾಹಗಲೇ ಅವನ ತಲೆ ಹೊಡೆದರಂತೆ! ಯಾಕೆ ಹೊಡೆದರೆಂದರೆ, ಎಂದು ಅವರು ಹೇಳಲು ಹೊರಟಿದ್ದರು. ಅಷ್ಟರಲ್ಲಿ ಕಾಲೇಜಿನ ಕುಸ್ತಿ ನಡೆಸುವ ಜಿಮಖಾನಾದ ಜವಾನ, ಪಟ್ಟೇವಾಲ, ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದ. ಸಾಮಿನ ಹೊತ್ತಾಗಿತ್ತು, ಎದ್ದು ಹೋದೆ. ಮುಂದಿನದನ್ನು ಕೇಳಿ ತಿಳಿದುಕೊಂಡು ಬರೆಯುತ್ತೇನೆ.

ನಿನ್ನ,
ಮುರುಗೆಪ್ಪ


ನೇಸರಗಿ
ತಾ. ೨೨ ಜುಲೈ ೧೯೩೪

ಪುಣೆಯಲ್ಲಿರುವ ನಮ್ಮ ಮನೆಯವರಿಗೆ ಭಾಮಾ ಮಾಡುವ ನಮಸ್ಕಾರಗಳು.

ಕಾಗದವನ್ನು ಸಂಜೆ ಕಟ್ಟೆಯ ಮೇಲೆ ಕೂತು ಅತ್ತೆ ಮಾವನಿಗೆ ಓದಿದೆ. "ಇನ್ನು ಮುಂದಿನದು ನಿನಗೆ" ಎಂಬಲ್ಲಿ ನಿಲ್ಲಿಸಬೇಕಿತ್ತು. ಓದುವ ಭರದಲ್ಲಿ ಬಾವಿಕಟ್ಟೆಯನ್ನು ಹೇಗೋ ಹಾರಿಸಿದೆ, ರಾಜನ ತಲೆಯನ್ನು ಹಾರಿಸಲಾಗಲಿಲ್ಲ. ಅತ್ತೆಯವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು "ಯಾರ ತಲಿ ಹೊಡದ್ರವ್ವಾ? ನಮ್ಮ ಹುಡುಗಾ ಅಲ್ಲೇ ಇದ್ದನೇನ?" ಎಂದು ಎದೆ ಹಿಡಿದುಕೊಂಡರು. ಅದು ಎಂದೋ ಆದದ್ದು, ಸಮುದ್ರದ ಆಚೆ, ಎಂದು ಹೇಳಿದರೂ ಸಮಾಧಾನವಿಲ್ಲ. ಮಾವನವರು ಮಾತ್ರ "ಹಾಡಾಹಗಲ ಹೊಡದ್ರಂದ್ರ ಏನರ ಕಾರಣ ಇದ್ದೇ ಇರ್ತದ" ಎಂದರು.

ಆ ಕಾರಣವೇ ನನಗೂ ಬೇಕು. ಇಂಗ್ಲಂಡದವರ ರಾಜನ ತಲೆಯನ್ನು ಅವರೇ ತೆಗೆದಿದ್ದಾರೆ ಎನ್ನುವುದು ನನ್ನ ಐದು ಇಯತ್ತೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವುಗಳಲ್ಲಿ ಇದ್ದದ್ದು ಬರಿಯ ಕಿರೀಟ ಇಟ್ಟ ಚಿತ್ರಗಳು. ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಮೊನ್ನೆ ಒಂದು ಹೆಂಚಿನ ಮೇಲೆಯೇ ಕರಿಕಾಯಿತು. ಅದು ನಿಮ್ಮ ಲೆಕ್ಕಕ್ಕೆ.

ಲಕೋಟೆಯ ಮೇಲಿನ ಅಕ್ಷರ ನೋಡಿ ಗಾಬರಿಯಾಗಬೇಡಿ. ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಬಾರದು, ಸರಿ. ಬರೆಯಲೂಬಾರದು ಎಂದು ಅತ್ತೆಯವರ ಹಟ. ನಿಮ್ಮ ಆಯುಷ್ಯದ ಮಾತು ತೆಗೆದರೆ ನಾನು ವಾದ ಮಾಡಲಾರೆ. ಆದ್ದರಿಂದ ವಿಳಾಸವನ್ನು ಟಪಾಲು ಮಾಸ್ತರರ ಕೈಯಲ್ಲಿ ಬರೆಸಿದ್ದೇನೆ.

ಬೇಗ ಬರೆಯಿರಿ. ಯಾಕೆ ಹೊಡೆದರು?

ನಿಮ್ಮ,
ಭಾಮಾ


ಪುಣೆ
ತಾ. ೧೬ ಸೆಪ್ಟೆಂಬರ್ ೧೯೩೪

ಚಿ. ಸೌ. ಭಾಮಾಗೆ,

ತಡವಾಯಿತು. ಸಿಟ್ಟಾಗಬೇಡ. ನಡುವೆ ನಮ್ಮನ್ನು ಬಾರಾಮತಿಗೆ ಕರೆದುಕೊಂಡು ಹೋಗಿದ್ದರು, ಆಮೇಲೆ ಇಂದಾಪುರಕ್ಕೆ. ಅಲ್ಲಿಯ ಪೈಲವಾನರ ಜೊತೆ ಜೋಡಿ ಕಟ್ಟಿ ನಮ್ಮನ್ನು ಪಳಗಿಸುವುದು ಕಾಲೇಜಿನವರ ಪದ್ಧತಿ. ಎರಡೂ ಕಡೆ ಗೆದ್ದೆ, ಅಪ್ಪನಿಗೆ ಹೇಳು. ಬಾರಾಮತಿಯವನನ್ನು ಅಪ್ಪ ಹೇಳಿಕೊಟ್ಟ ಢಾಕು ಪಟ್ಟಿನಲ್ಲೇ ಕೆಡವಿದೆ.

ಈಗ ನಿನ್ನ ಪ್ರಶ್ನೆ. ನಾನು ತಿರುಗಿ ಇತಿಹಾಸದ ತರಗತಿಗೆ ಹೋಗುವಷ್ಟರಲ್ಲಿ ಆ ರಾಜ ಸತ್ತು ಭಾಳ ದಿನವಾಗಿತ್ತು. ಪಾಠ ಬೇರೆ ಯಾರದೋ ಕಾಲಕ್ಕೆ ದಾಟಿತ್ತು. ಮಗ್ಗುಲಿನ ಹುಡುಗನನ್ನು ಕೇಳಿದೆ. ಅವನು ನನ್ನ ತೋಳು ನೋಡಿ ನಕ್ಕು, "ಪೈಲವಾನ್, ನಿನಗ್ಯಾಕೆ ಆ ತಲೆನೋವು?" ಎಂದ.

ಒಂದು ಸೋಜಿಗ ಹೇಳುತ್ತೇನೆ. ನಾನು ಇಂದಾಪುರದಲ್ಲಿದ್ದ ದಿನಗಳಲ್ಲೂ ತರಗತಿಯಲ್ಲಿ ನನ್ನ ಹಾಜರಿ ಬಿದ್ದಿದೆ. ನನ್ನ ಕೋಣೆಯ ಜೊತೆಗಾರ ಮಾರ್ತಾಂಡ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. ಅವನು ಸಾತಾರಾ ಕಡೆಯವನು, ಕಾಲೇಜಿನ ದೊಡ್ಡ ಪೈಲವಾನ. ಎರಡನೆ ವರ್ಷದ ಇಂಟರ್ ತರಗತಿಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದಾನೆ. ಮೊದಲನೆ ವರ್ಷದ ಪರೀಕ್ಷೆ ಕಾಲೇಜಿನ ಕೈಯಲ್ಲಿದೆ, ಇಂಟರ್ ಪರೀಕ್ಷೆ ಮುಂಬಯಿ ವಿದ್ಯಾಪೀಠದ ಕೈಯಲ್ಲಿ. "ಇಲ್ಲಿ ನಿನ್ನನ್ನು ಎತ್ತಿ ದಾಟಿಸುತ್ತಾರೆ. ಅಲ್ಲಿ ನೀನೇ ಮುಳುಗುತ್ತಿ. ಮುಳುಗಿದರೆ ಕಾಲೇಜಿಗೆ ಲಾಭವೇ, ಇನ್ನೊಂದು ವರ್ಷ ಕುಸ್ತಿಗೆ ಸಿಗುತ್ತಿ" ಎಂದ. ಚೇಷ್ಟೆಗೆ ಅಂದನೋ ನಿಜವೋ ತಿಳಿಯಲಿಲ್ಲ. ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ನಿನ್ನ,
ಮುರುಗೆಪ್ಪ


ನೇಸರಗಿ
ತಾ. ೨೫ ನವೆಂಬರ್ ೧೯೩೪

ನಮ್ಮ ಮನೆಯವರಿಗೆ ನಮಸ್ಕಾರಗಳು.

ದೀಪಾವಳಿಗೆ ಬರುತ್ತೀರೆಂದು ಮಾವನವರು ಮೂರು ಸಲ ಮೋಟಾರು ನಿಲ್ಲುವ ಜಾಗಕ್ಕೆ ಹೋಗಿ ಬಂದರು. ಆಮೇಲೆ ನಿಮ್ಮ ಕಾರ್ಡು ಬಂತು, ನೀವು ಎಲ್ಲ ಕಾಲೇಜುಗಳನ್ನು ಸೋಲಿಸಿ ಬಹುಮಾನದ ಢಾಲು ಗೆದ್ದಿರಿ ಎಂದು. ಗರಡಿಯ ಹುಡುಗರಿಗೆಲ್ಲ ಬೆಲ್ಲ ಕೊಬ್ಬರಿ ಹಂಚಿದೆವು. ನನಗೂ ಹಿಗ್ಗಾಯಿತು. ಇಲ್ಲವೆಂದರೆ ಸುಳ್ಳು ಹೇಳಿದ ಹಾಗೆ.

ಆದರೆ ಕಾರ್ಡಿನಲ್ಲಿ ಢಾಲು ಎಷ್ಟು ಎತ್ತರವಿದೆ ಎಂದು ಬರೆದಿದ್ದೀರಿ. ಅದರ ಮೇಲಿರುವ ಹುಲಿಯ ಬಾಯಿ ಎಷ್ಟು ತೆರೆದಿದೆ ಎಂದೂ ಬರೆದಿದ್ದೀರಿ. ರಾಜ ಎಲ್ಲಿ ಹೋದ?

ನಾನು ಹಟಮಾರಿ ಎಂದುಕೊಳ್ಳಿ. ನಾಳೆ ನೀವು ಮಾಸ್ತರರಾದ ಮೇಲೆ ನನ್ನಂಥದೊಂದು ಹುಡುಗಿ ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತಿದರೆ ಏನು ಮಾಡುತ್ತೀರಿ? ತೋಳು ತೋರಿಸುತ್ತೀರಾ?

ಈ ಕಾಗದವನ್ನು ಬರೆದ ಮೇಲೆ ಓದಿದರೆ ಮಾತು ಬಿರುಸಾಯಿತು ಅನಿಸುತ್ತದೆ. ಹರಿದುಹಾಕಬೇಕೆಂದುಕೊಂಡೆ, ಮನಸ್ಸಾಗಲಿಲ್ಲ.

ನಿಮ್ಮ,
ಭಾಮಾ


ಪುಣೆ
ತಾ. ೩ ಏಪ್ರಿಲ್ ೧೯೩೫

ಚಿ. ಸೌ. ಭಾಮಾಗೆ,

ಈ ಕಾಗದ ಯಾರಿಗೂ ಓದಿ ಹೇಳಬೇಡ.

ಪರೀಕ್ಷೆ ಮುಗಿಯಿತು. ಇಂಗ್ಲಿಷಿನಲ್ಲಿ, ಗಣಿತದಲ್ಲಿ ಕೈಲಾದಷ್ಟು ಗೀಚಿದೆ. ಮೂರನೆಯ ದಿನ ಇತಿಹಾಸ. ಪ್ರಶ್ನೆ ಪತ್ರಿಕೆ ಬಿಡಿಸಿದೆ. ಮೊದಲ ಪ್ರಶ್ನೆಯೇ, ಭಾಮಾ, ನಿನ್ನ ಪ್ರಶ್ನೆ. ಆ ರಾಜನಿಗೂ ಪ್ರಜೆಗಳಿಗೂ ವೈರ ಬೆಳೆದದ್ದು ಹೇಗೆ, ಅವನ ತಲೆ ಹೊಡೆದದ್ದು ಯಾಕೆ, ಕಾರಣಗಳನ್ನು ವಿವರಿಸಿರಿ. ಓದಿದ ಕೂಡಲೆ ನೀನೇ ಎದುರಿಗೆ ಬಂದು ಕೂತ ಹಾಗಾಯಿತು. ಮೈಯೆಲ್ಲ ಬೆವರಿತು. ಕಣದಲ್ಲಿ ಎಂದೂ ಹಾಗೆ ಬೆವರಿದವನಲ್ಲ.

ಕಾಗದ ಖಾಲಿ ಬಿಡಬೇಡ, ಏನಾದರೂ ಬರೆ ಎಂದು ಮಾರ್ತಾಂಡ ಹೇಳಿ ಕಳಿಸಿದ್ದ. ಏನು ಬರೆಯಲಿ? ಕುಸ್ತಿಗೆ ಮುಂಚೆ ನಮ್ಮ ಕಡೆ ಹಲಗಿ ಬಾರಿಸಿ ಜೋಡಿಯ ಹೆಸರು ಕೂಗುತ್ತಾರಲ್ಲ, ಕೈ ತಾನಾಗಿ ಅದನ್ನೇ ಬರೆಯಿತು. "ಪೈಲವಾನ ಮುರುಗೆಪ್ಪ, ತಂದೆ ಸಿದ್ರಾಮಪ್ಪ, ಮುಕ್ಕಾಂ ನೇಸರಗಿ, ಸಿದ್ರಾಮಪ್ಪ ವಸ್ತಾದರ ಗರಡಿ." ಅದೂ ಕನ್ನಡದಲ್ಲಿ. ಪುಟ ತಿರುವಿದೆ, ಮತ್ತೆ ಅದನ್ನೇ ಬರೆದೆ. ಗಂಟೆ ಬಾರಿಸುವವರೆಗೂ ಅದನ್ನೇ ಬರೆಯುತ್ತ ಕೂತಿದ್ದೆ. ಹಿಂದಿನ ಸಾಲಿನವರು ನಾನು ಭಾಳ ಬರೆಯುತ್ತಿದ್ದೇನೆಂದು ಹೊಟ್ಟೆಕಿಚ್ಚು ಪಟ್ಟರಂತೆ.

ನಾಪಾಸಾಗಿ ಬರುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ ಕೂತು ಸರಿಯಾಗಿ ಕಲಿಯುತ್ತೇನೆ. ಹಾಗೆ ಅಂದುಕೊಂಡ ಮೇಲೆ ಮನಸ್ಸು ಸ್ವಲ್ಪ ಹಗುರವಾಗಿದೆ.

ನಿನ್ನ,
ಮುರುಗೆಪ್ಪ


ಪುಣೆ
ತಾ. ೨೭ ಏಪ್ರಿಲ್ ೧೯೩೫

ಚಿ. ಸೌ. ಭಾಮಾಗೆ,

ಪಾಸಾಗಿದ್ದೇನೆ. ನನ್ನ ಎಲ್ಲ ವಿಷಯಗಳಲ್ಲಿ ಇತಿಹಾಸದಲ್ಲೇ ಹೆಚ್ಚು, ನೂರಕ್ಕೆ ಐವತ್ತೆರಡು.

ಫಲಕದ ಮುಂದೆ ಭಾಳ ಹೊತ್ತು ನಿಂತಿದ್ದೆ. ಇದು ಬೇರೆ ಯಾವನೋ ಮುರುಗೆಪ್ಪ ಎಂದುಕೊಂಡೆ. ಇಡೀ ಕಾಲೇಜಿನಲ್ಲಿ ಆ ಹೆಸರಿನವನು ನಾನೊಬ್ಬನೇ. ನಾನು ಕಣಕ್ಕಿಳಿದೆ, ಎದುರು ಜೋಡಿ ಬರಲಿಲ್ಲ, ನನ್ನ ಕೈ ಎತ್ತಿ ಗೆದ್ದ ಎಂದು ಕೂಗಿದರು. ಹಾಗೆ ಅನಿಸುತ್ತಿದೆ. ಎಲ್ಲರೂ ಬೆನ್ನು ತಟ್ಟಿದರು.

ಕಾಲೇಜಿನವರು ಊರಿಗೂ ತಂತಿಯಲ್ಲಿ ತಾರು ಕಳಿಸಿದ್ದಾರಂತೆ. ಈ ಕಾಗದಕ್ಕಿಂತ ಅದೇ ಮೊದಲು ಮುಟ್ಟೀತು.

ನಿನ್ನ,
ಮುರುಗೆಪ್ಪ


ನೇಸರಗಿ
ತಾ. ೩೦ ಏಪ್ರಿಲ್ ೧೯೩೫

ನಮ್ಮ ಮನೆಯವರಿಗೆ ನಮಸ್ಕಾರಗಳು.

ತಾರು ಬಂತು. ನಮ್ಮ ಮನೆಗೆ ಬಂದ ಮೊದಲ ತಾರು. ತಾರು ಎಂದ ಕೂಡಲೆ ಅತ್ತೆಯವರು ಅಳತೊಡಗಿದರು, ಯಾರೋ ಸತ್ತರೆಂದು. ಟಪಾಲು ಮಾಸ್ತರರು ಓದಿ ಪಾಸಾಗಿದ್ದಾರೆ ಎಂದ ಮೇಲೆ ಮಾವನವರು ಕೇಳಿದ್ದು ಒಂದೇ ಮಾತು: "ಪಾಸಾಗ್ಯಾನಂದ್ರ ಯಾರನ್ನ ಚಿತ್ ಮಾಡ್ಯಾನ?" ಪರೀಕ್ಷೆಯಲ್ಲಿ ಎದುರಿಗೆ ಯಾರೂ ಇರುವುದಿಲ್ಲ ಎಂದು ಮಾಸ್ತರರು ವಿವರಿಸಿದರು. "ಹಂಗಾರ ಗೆದ್ದದ್ದು ಹೆಂಗ ಗೊತ್ತಾಗ್ತದರೀ?" ಎಂದರು ಮಾವನವರು. ಮಾಸ್ತರರು ತಾರನ್ನು ಮತ್ತೊಮ್ಮೆ ಓದಿದರು.

ಆದರೂ ಹಲಗಿ ಬಂತು. ಗರಡಿಯ ಹುಡುಗರು ಗುಲಾಲು ಹಾರಿಸಿದರು. ನೀವು ಇಲ್ಲದ್ದರಿಂದ ನಿಮ್ಮ ಮುಂಡಾಸನ್ನೇ ತಟ್ಟೆಯಲ್ಲಿಟ್ಟು ಊರೆಲ್ಲ ಮೆರೆಸಿದರು. ನನ್ನ ಹತ್ತಿರ ನಿಮ್ಮ ಏಪ್ರಿಲ್ ಮೂರರ ಕಾಗದವಿತ್ತು. ಓದಿ ಹೇಳಬೇಡ ಎಂದಿದ್ದಿರಿ. ಹೇಳಲಿಲ್ಲ. ಮುಂಡಾಸಿನ ಹಿಂದೆ ನಾನೂ ಆರತಿ ಹಿಡಿದು ನಡೆದೆ. ಹೆಂಗಸರೆಲ್ಲ ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳೆಂದು ಕಾಡಿದರು. ಹೊಸದು ಕಟ್ಟು, ಪಾಸಾದದ್ದು ಸೇರಿಸು ಎಂದರು. ಮದುವೆಯಲ್ಲಿ ಹೇಳಿದ ಹಳೆಯದನ್ನೇ ಹೇಳಿ ಪಾರಾದೆ. ಅದರಲ್ಲಿ ಪಾಸಿನ ಮಾತಿಲ್ಲ.

ನಿಮ್ಮ ಹೆಸರನ್ನು ನಾನು ವರ್ಷಕ್ಕೊಮ್ಮೆ ಒಡಪಿನಲ್ಲಿ ಹೇಳಿದರೂ ನಾಚಿಕೆ ಪಡಬೇಕು. ಇವತ್ತು ಬಂದ ನಿಮ್ಮ ಕಾಗದ ನೋಡಿದರೆ, ನೀವು ಅದನ್ನೇ ಪುಟಗಟ್ಟಲೆ ಬರೆದು ಐವತ್ತೆರಡು ಅಂಕ ತೆಗೆದುಕೊಂಡಿರಿ. ಗರಡಿಯ ಹೆಸರಿಗೆ ಎಷ್ಟು ಕೊಟ್ಟರು? ನಗಬೇಕೆಂದು ಬರೆದೆ, ನನಗೇ ನಗು ಬರುತ್ತಿಲ್ಲ.

ನಿಮ್ಮ,
ಭಾಮಾ


ನೇಸರಗಿ
ತಾ. ೨೩ ಜೂನ್ ೧೯೩೫

ನಮ್ಮ ಮನೆಯವರಿಗೆ ನಮಸ್ಕಾರಗಳು.

ನೀವು ರಜೆ ಮುಗಿಸಿ ಹೋಗಿ ಹತ್ತು ದಿನವಾಯಿತು. ಮೇ ತಿಂಗಳೆಲ್ಲ ಒಂದೇ ಸೂರಿನ ಕೆಳಗಿದ್ದೆವು. ಮಾವಿನಹಣ್ಣಿನ ಮಾತಾಯಿತು, ಎತ್ತಿನ ಕಾಲಿನ ಮಾತಾಯಿತು. ರಾಜನ ಮಾತನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟೋ ಸಲ ನಿಮ್ಮ ತುಟಿ ಅಲುಗಿತು. ಪ್ರತಿ ಸಲವೂ ನೀವು ನೀರು ಕೇಳಿದಿರಿ.

ಎದುರಿಗಿದ್ದಾಗ ಆಗದ್ದನ್ನು ಕಾಗದದಲ್ಲಿ ಕೇಳುತ್ತೇನೆ. ಆ ಪ್ರಶ್ನೆಗೆ ನಿಮಗೆ ಅಂಕ ಬಂದಿದೆ. ಅಂದರೆ ಉತ್ತರ ನಿಮಗೆ ಗೊತ್ತಿದೆ ಎಂದು ಕಾಲೇಜಿನವರೇ ಬರೆದುಕೊಟ್ಟಂತಾಯಿತು. ದಯಮಾಡಿ ನನಗೂ ಹೇಳಿರಿ. ಯಾಕೆ ಹೊಡೆದರು?

ನಿಮ್ಮ,
ಭಾಮಾ


ಪುಣೆ
ತಾ. ೨೫ ಆಗಸ್ಟ್ ೧೯೩೫

ಚಿ. ಸೌ. ಭಾಮಾಗೆ,

ನಿನ್ನ ಜೂನಿನ ಕಾಗದ ಎರಡು ತಿಂಗಳು ನನ್ನ ದಿಂಬಿನ ಕೆಳಗಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ನಾಚಿಕೆಯಾಯಿತು. ಈಗ ಬರೆಯುತ್ತೇನೆ. ಇದನ್ನು ಬೇಕಾದರೆ ಎಲ್ಲರಿಗೂ ಓದಿ ಹೇಳು.

ಜುಲೈಯಲ್ಲಿ ಮಾರ್ತಾಂಡನ ಭುಜ ಮುರಿಯಿತು. ಇನ್ನು ಕುಸ್ತಿ ಆಗುವುದಿಲ್ಲ ಎಂದರು ವೈದ್ಯರು. ಮರುವಾರವೇ ನಮ್ಮ ಕೋಣೆಯಲ್ಲಿ ಅವನ ಜಾಗ ಬೇರೆಯವನಿಗಾಯಿತು. ಹೊರಡುವ ದಿನ ಯಾವುದೋ ಕಚೇರಿಯಲ್ಲಿ ಕಾರಕೂನನ ಕೆಲಸಕ್ಕೆ ಅರ್ಜಿ ಹಾಕಬೇಕೆಂದ. ಅವನ ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು, ಆದ್ದರಿಂದ ಪೆನ್ನು ನಾನು ಹಿಡಿದೆ. ಅವನಿಗೆ ಹೇಳಲು ಬರಲಿಲ್ಲ, ನನಗೆ ಬರೆಯಲು ಬರಲಿಲ್ಲ. ಇಷ್ಟು ವರ್ಷ ಕಾಲೇಜಿನಲ್ಲಿದ್ದವನು ಅವನು, ಇತಿಹಾಸದಲ್ಲಿ ಐವತ್ತೆರಡು ತೆಗೆದವನು ನಾನು. ಇಬ್ಬರೂ ಸೇರಿ ನಾಲ್ಕು ಸಾಲು ಇಂಗ್ಲಿಷು ಹೊಂದಿಸಲಾಗಲಿಲ್ಲ. ಅವನು ನಕ್ಕ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ. ಅವನನ್ನು ಸ್ಟೇಶನ್ನಿಗೆ ಬಿಟ್ಟು ಬಂದೆ. ಬರುವ ದಾರಿಯಲ್ಲಿ ಲಕಡಿ ಪುಲ್ ಸೇತುವೆಯ ಮೇಲೆ ನಿಂತು ಹೊಳೆ ನೋಡಿದೆ. ಏನೂ ಹೊಳೆಯಲಿಲ್ಲ, ಭಯ ಮಾತ್ರ ಆಯಿತು.

ಮರುದಿನ ಅವಧೂತರಾಯರ ಮನೆಗೆ ಹೋದೆ.

"ಅಂಕ ಕಡಿಮೆ ಬಿದ್ದವೇನು?" ಎಂದರು.

"ಇಲ್ಲ ಸರ್, ಹೆಚ್ಚು ಬಿದ್ದವು. ನನ್ನನ್ನು ನಾಪಾಸು ಮಾಡಿ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನಗೆ ಮರಾಠಿ ಸರಿಯಾಗಿ ಬರುವುದಿಲ್ಲ, ಅದಕ್ಕೇ ತಪ್ಪು ಮಾತಾಡಿದೆ ಎಂದುಕೊಂಡು ಮತ್ತೊಮ್ಮೆ ನಿಧಾನವಾಗಿ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ. ಆಗ ಅವರು, "ಆ ಕನ್ನಡದ ಪುಟಗಳನ್ನು ನಾನು ಓದಲಿಲ್ಲ, ಓದಲು ಬರುವುದೂ ಇಲ್ಲ. ಪಾಸು ಮಾಡಿ ಎಂದು ಜಿಮಖಾನಾದಿಂದ ಚೀಟಿ ಬಂದಿತ್ತು. ಅಂಥ ಚೀಟಿ ಪ್ರತಿ ವರ್ಷ ಬರುತ್ತದೆ" ಎಂದರು. ಆಮೇಲೆ, "ಏನು ಬರೆದಿದ್ದೆ?" ಎಂದು ಕೇಳಿದರು. ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

ಅವರೇ ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು. ಜಿಮಖಾನಾದ ಕಾರ್ಯದರ್ಶಿಯೂ ಬಂದರು. ಅವರ ಮೊದಲ ಮಾತು, "ಯಾವ ಕಾಲೇಜಿನವರು ಕರೆದರು? ಎಷ್ಟು ತುಪ್ಪ ಕೊಡುತ್ತಾರಂತೆ?" ಯಾರೂ ಕರೆದಿಲ್ಲ, ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದ್ದಾಳೆ, ಅದಕ್ಕೆ ಉತ್ತರ ಗೊತ್ತಿಲ್ಲ ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಬಿದ್ದ ಫಲಿತಾಂಶ ಬದಲಾಗುವುದಿಲ್ಲ ಎಂದರು ಪ್ರಿನ್ಸಿಪಾಲರು. ಹಾಗಾದರೆ ನನ್ನ ಹೆಸರು ಇಂಟರಿನಲ್ಲೇ ಇರಲಿ, ನಾನು ಮೊದಲನೆ ವರ್ಷದ ತರಗತಿಯಲ್ಲಿ ಹಿಂದೆ ಕೂತು ಕೇಳುತ್ತೇನೆ, ಸಾಯಂಕಾಲ ಕುಸ್ತಿ ಆಡುತ್ತೇನೆ, ಪಾಠದ ನಡುವೆ ಪಟ್ಟೇವಾಲ ನನ್ನನ್ನು ಕರೆಯಬಾರದು ಎಂದೆ. ಕಾರ್ಯದರ್ಶಿಗಳು ಒಪ್ಪಲಿಲ್ಲ. ಕರೆದಾಗ ಬರುವವನಿಗೇ ಕೋಣೆ, ಕರೆದಾಗ ಬರುವವನಿಗೇ ಹಾಲು ಎಂದರು.

ಕೋಣೆ ಬಿಟ್ಟಿದ್ದೇನೆ, ಕಾಲೇಜಿನ ಕುಸ್ತಿಯನ್ನೂ. ಭವಾನಿ ಪೇಟೆಯಲ್ಲಿ ನಮ್ಮ ಗೋಕಾಕ ಕಡೆಯ ಅಪ್ಪಾಸಾಹೇಬರ ಬೆಲ್ಲದ ಅಡತಿ ಅಂಗಡಿ ಇದೆ. ಅವರ ಅಟ್ಟದ ಮೇಲೆ ಇದ್ದೇನೆ. ಬೆಳಿಗ್ಗೆ ಬೆಲ್ಲದ ಪೆಂಟೆ ಹೊರುವುದು, ಆಮೇಲೆ ಕಾಲೇಜು. ಸುತ್ತಲೂ ಇರುವೆಗಳು.

ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ, ಭಾಮಾ. ಅಪ್ಪ ಏನಂದಾರು?

ನಿನ್ನ,
ಮುರುಗೆಪ್ಪ


ನೇಸರಗಿ
ತಾ. ೮ ಸೆಪ್ಟೆಂಬರ್ ೧೯೩೫

ನಮ್ಮ ಮನೆಯವರಿಗೆ ನಮಸ್ಕಾರಗಳು.

ಓದಿ ಹೇಳು ಎಂದಿದ್ದಿರಿ, ಓದಿದೆ. ಒಂದು ಅಕ್ಷರ ಹಾರಿಸಲಿಲ್ಲ. ಏಪ್ರಿಲ್ಲಿನ ಕಾಗದವನ್ನೂ ತಂದು ಓದಿದೆ. ಇಲ್ಲದಿದ್ದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಅತ್ತೆಯವರು ಇರುವೆಯ ಮಾತಿಗೆ ಮಾತ್ರ ಮರುಗಿದರು. ಮಾವನವರು "ಅಂದ್ರ ಅದು ನೂರಾ ಕುಸ್ತಿ" ಎಂದರು. ಮೊದಲೇ ಮಾತಾಡಿಕೊಂಡು ಬೀಳುವ ಕುಸ್ತಿಗೆ ಅವರು ಎಷ್ಟು ಉರಿಯುತ್ತಾರೆ ನಿಮಗೆ ಗೊತ್ತು. ಅದಕ್ಕಾಗಿ ಸ್ವಂತ ಅಳಿಯನನ್ನೇ ಗರಡಿಯಿಂದ ಹೊರಗೆ ಹಾಕಿದವರು. ಆದರೆ ಮರುಕ್ಷಣವೇ ಎದ್ದು ನಿಂತು ಕೂಗಾಡಿದರು. "ಕುಸ್ತಿ ಖರೇ ಆಡ್ಯಾನ, ಢಾಲ ಖರೇ ಗೆದ್ದಾನ. ಪರೀಕ್ಷಾ ಒಂದ ಸುಳ್ಳು. ಹಂಗಾರ ನನ್ನ ಮಗಾ ಗೆದ್ದಾನೋ ಸೋತಾನೋ? ಸುಳ್ಳು ಬಿಡಾಕ ಹೋಗಿ ಖರೇದನ್ನೂ ಬಿಟ್ಟು ಬಂದನಲ್ಲಾ!" ಅವರು ಕೇಳಿದ್ದೂ ತಪ್ಪಲ್ಲ. ಊರ ತುಂಬ ಮೆರೆಸಿದ ಮುಂಡಾಸನ್ನು ಗೂಟದಿಂದ ತೆಗೆದು ಪೆಟ್ಟಿಗೆಯಲ್ಲಿ ಇಟ್ಟರು. ಇನ್ನು ಮುಂದೆ ನಿಮ್ಮ ಕಾಗದ ತಮಗೆ ಓದಬಾರದು ಎಂದರು. ಗರಡಿಗೂ ಹೋಗುತ್ತಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಒಂದು ಸಣ್ಣ ಪ್ರಶ್ನೆ ಕೇಳಿದೆ ಎಂದುಕೊಂಡಿದ್ದೆ. ಅದರಿಂದ ನಿಮ್ಮ ಹಾಲು ಹೋಯಿತು, ಕೋಣೆ ಹೋಯಿತು, ಮಾವನವರ ಊಟ ಅರ್ಧವಾಯಿತು. ನೆರೆಯ ಭೀಮವ್ವ "ಹೆಣ್ಮಕ್ಕಳು ಕಾಗದಾ ಬರದ್ರ ಹಿಂಗ ಆಗ್ತದ" ಎನ್ನುತ್ತಾಳೆ. ಕೇಳಬಾರದಿತ್ತೋ ಏನೋ. ಬೇಕಾದರೆ ಹೋಗಿ ಅವರ ಕಾಲು ಹಿಡಿದು ಮತ್ತೆ ಕುಸ್ತಿಗೆ ಸೇರಿಕೊಳ್ಳಿ. ನಾನು ಇನ್ನು ಏನೂ ಕೇಳುವುದಿಲ್ಲ.

ನಿಮ್ಮ,
ಭಾಮಾ


ಪುಣೆ, ಭವಾನಿ ಪೇಟೆ
ತಾ. ೧೭ ನವೆಂಬರ್ ೧೯೩೫

ಚಿ. ಸೌ. ಭಾಮಾಗೆ,

ನೀನು ಕೇಳುವುದಿಲ್ಲ ಎಂದದ್ದು ಓದಿ ನನಗೆ ಕಾಲೇಜಿನ ಕೋಣೆ ಬಿಟ್ಟದ್ದಕ್ಕಿಂತ ಹೆಚ್ಚು ಸಂಕಟವಾಯಿತು. ಈ ಊರಿಗೆ ಬಂದ ಮೇಲೆ ನನ್ನ ತೂಕ ಕೇಳಿದವರಿದ್ದಾರೆ, ಎದೆಯ ಸುತ್ತಳತೆ ಕೇಳಿದವರಿದ್ದಾರೆ. ನಿನಗೇನು ತಿಳಿಯಿತು ಎಂದು ಕೇಳಿದವಳು ನೀನೊಬ್ಬಳೇ.

ಅವಧೂತರಾಯರು ಒಂದು ದಪ್ಪ ಪುಸ್ತಕ ಕೊಟ್ಟರು. ಅಟ್ಟದ ಮೇಲೆ ನಿಘಂಟು ಇಟ್ಟುಕೊಂಡು ದಿನಕ್ಕೆ ಅರ್ಧ ಪುಟ ಓದಿದೆ. ಮೊದಲ ಸಲ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದಾಗ ನಾನು ತೊದಲಿದೆ, ಹುಡುಗರು ಹೋ ಎಂದು ನಕ್ಕರು. ಮರುದಿನ ಮತ್ತೆ ಎಬ್ಬಿಸಿದರು, ಮತ್ತೆ ತೊದಲಿದೆ, ಮರಾಠಿಯಲ್ಲಿ ಬೈದರು. ನನಗೆ ಸಂತೋಷವಾಯಿತು, ಯಾಕೋ ಗೊತ್ತಿಲ್ಲ. ಅಪ್ಪನೂ ಗರಡಿಯಲ್ಲಿ ಕಲಿಯುವವರನ್ನೇ ಬೈಯುತ್ತಾನೆ, ನೋಡಲು ಬಂದವರನ್ನು ಬೈಯುವುದಿಲ್ಲ.

ಈಗ ನಿನ್ನ ಉತ್ತರ. ಯಾವ ಪುಸ್ತಕ ನೋಡಿಯೂ ಇಳಿಸಿಕೊಂಡದ್ದಲ್ಲ. ಗೀಟೆಳೆದು ಕಾಟು ಹೊಡೆದದ್ದು ಭಾಳ ಇದೆ, ಸಹಿಸಿಕೋ.

ಅಲ್ಲಿ ಊರೂರಿನ ಹಿರಿಯರು ಕೂಡುವ ಒಂದು ಸಭೆ ಇತ್ತು. ಕರ ಹಾಕಬೇಕಾದರೆ ರಾಜ ಆ ಸಭೆಯನ್ನು ಕೇಳಬೇಕು. ಇವನು ಕೇಳಲಿಲ್ಲ. ಕೇಳು ಎಂದದ್ದಕ್ಕೆ ಸಭೆಯನ್ನೇ ಮನೆಗೆ ಕಳಿಸಿ ವರ್ಷಗಟ್ಟಲೆ ಒಬ್ಬನೇ ಆಳಿದ. ದೇವರೇ ನನ್ನನ್ನು ರಾಜನನ್ನಾಗಿ ಮಾಡಿದ್ದಾನೆ, ದೇವರಿಗಷ್ಟೇ ಉತ್ತರ ಹೇಳುತ್ತೇನೆ ಎಂದ. ಕೊನೆಗೆ ಸಭೆಗೂ ರಾಜನಿಗೂ ಯುದ್ಧವಾಗಿ ರಾಜ ಸೋತ. ಅವನನ್ನು ತಂದು ನಿಲ್ಲಿಸಿ, ನಿನ್ನ ಮೇಲೆ ಇಂಥಿಂಥ ಆರೋಪಗಳಿವೆ, ಏನು ಹೇಳುತ್ತಿ ಎಂದು ಕೇಳಿದರು. ನನ್ನನ್ನು ಪ್ರಶ್ನೆ ಕೇಳುವ ಅಧಿಕಾರ ನಿಮಗಿಲ್ಲ ಎಂದ. ಮತ್ತೆ ಮತ್ತೆ ಕೇಳಿದರು. ಅವನು ಉತ್ತರ ಕೊಡಲೇ ಇಲ್ಲ. ಆಮೇಲೆ ತಲೆ ಹೊಡೆದರು. ಹೊಡೆದದ್ದು ಸರಿಯಲ್ಲ ಎನ್ನುವವರೂ ಅಲ್ಲಿ ಭಾಳ ಜನ ಇದ್ದರಂತೆ.

ಉತ್ತರ ಕೊಡದ ಅವನಿಗೆ ತಲೆ ಹೋಯಿತು. ಉತ್ತರ ಕೊಡದ ನನಗೆ ಐವತ್ತೆರಡು ಅಂಕ ಬಂತು. ಇದರಲ್ಲಿ ಯಾವುದು ನ್ಯಾಯ ಎಂದು ಅಟ್ಟದ ಮೇಲೆ ಕೂತು ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಇಂಟರ್ ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ನಾಪಾಸಾದರೂ ಅದು ನನ್ನ ನಾಪಾಸು. ಈ ವರ್ಷದ ಢಾಲು ಬೇರೆ ಕಾಲೇಜಿಗೆ ಹೋಯಿತು. ನೋಡಲು ಹೋಗಿದ್ದೆ. ಹಲಗಿ ಬಾರಿಸಿದಾಗ ಜನರ ನಡುವೆ ಕೂತು ಅತ್ತೆ. ಇದನ್ನು ಅಪ್ಪನಿಗೆ ಹೇಳಬೇಡ. ಅಥವಾ ಹೇಳು, ನಿನಗೆ ತೋಚಿದ ಹಾಗೆ ಮಾಡು.

ನಿನ್ನ,
ಮುರುಗೆಪ್ಪ


ನೇಸರಗಿ
ತಾ. ೨೪ ನವೆಂಬರ್ ೧೯೩೫

ನಮ್ಮ ಮನೆಯವರಿಗೆ ನಮಸ್ಕಾರಗಳು.

ಕಾಗದ ಬಂದ ಸಂಜೆ ಅತ್ತೆಯವರನ್ನು ಕೂರಿಸಿಕೊಂಡು ಕಟ್ಟೆಯ ಮೇಲೆ ಓದಿದೆ. ಮಾವನವರು ಎದ್ದು ಕೊಟ್ಟಿಗೆಗೆ ಹೋದರು. ನಾನು ದನಿ ಏರಿಸಿ ಓದಿದೆ. ಅತ್ತೆಯವರು "ನಾ ಏನ ಕಿವುಡಿ ಅಲ್ಲವ್ವಾ" ಎಂದರು. ಆದರೂ ಇಳಿಸಲಿಲ್ಲ. ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುವ ಸದ್ದು ಕೇಳುತ್ತಿತ್ತು. ರಾಜನನ್ನು ತಂದು ನಿಲ್ಲಿಸಿದಲ್ಲಿಗೆ ಬಂದಾಗ ಆ ಸದ್ದು ನಿಂತಿತು. ನೀವು ಅತ್ತದ್ದನ್ನೂ ಓದಿದೆ. ಮುಗಿಸಿ ಕಾಗದ ಮಡಿಚಿದೆ.

ಮಾವನವರು ಕೊಟ್ಟಿಗೆಯ ಒಳಗಿನಿಂದಲೇ ಕೇಳಿದರು: "ಅದು ಅವನ ಸ್ವಂತ ಬರದದ್ದೇನವ್ವಾ?"

"ಹೌದ್ರಿ. ಭಾಳ ಕಾಟು ಹೊಡದಾರ್ರಿ" ಎಂದೆ.

ಹೊರಗೆ ಬಂದು ಕಾಗದ ಇಸಿದುಕೊಂಡರು. ಓದಲು ಬರುವುದಿಲ್ಲವಲ್ಲ, ಕಾಟು ಹೊಡೆದ ಜಾಗಗಳ ಮೇಲೆ ಬೆರಳು ಆಡಿಸಿದರು. ಗರಡಿಯಲ್ಲಿ ಹೊಸ ಹುಡುಗರ ಮೈ ಮೇಲಿನ ತರಚು ಗಾಯ ನೋಡುತ್ತಾರಲ್ಲ, ಹಾಗೆ. ಕಾಗದ ಮರಳಿಸಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಗರಡಿಯ ಕಡೆ ಹೊರಟರು. ಬೇವಿನ ಮರದ ಹತ್ತಿರ ಹೋದವರು ತಿರುಗಿ ನಿಂತು ನನ್ನನ್ನು ಕೂಗಿದರು.

"ಅವಗ ಬರೀ. ರಾಜನ ತಲಿ ತಗದ ಮ್ಯಾಲೆ ಮುಂದ ಯಾರು ಆಳಿದ್ರು, ಕೇಳು."

ಈ ಸಲದ ಪ್ರಶ್ನೆ ನನ್ನದಲ್ಲ, ಬೇಗ ಉತ್ತರ ಬರೆಯಿರಿ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನೇ ಬರೆದಿದ್ದೇನೆ.

ನಿಮ್ಮ,
ಭಾಮಾ